ಕೇಳುಗರಿದ್ದಾರೆ, ಓದುಗರಿದ್ದಾರೆ, ಪುಟ ಮಾತ್ರ ಇಲ್ಲ: ಆಸ್ಟ್ರೇಲಿಯಾದ ವಾರಾಂತ್ಯದ ಪತ್ರಿಕೆಗಳಲ್ಲಿ ಕಂಟ್ರಿ ಹಾಡು ಮತ್ತು ಸಾಹಿತ್ಯ

2025ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದಿಂದ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. 1940ರಲ್ಲಿ ಬ್ರಿಸ್ಬೇನ್‌ನಲ್ಲಿ ಹುಟ್ಟಿ, 1945ರಲ್ಲಿ ಮೆಲ್ಬರ್ನ್‌ಗೆ ನೆಲೆ ಬದಲಿಸಿ, ಎಂಟೂವರೆ ದಶಕ ಬಾಳಿದ ‘ಮಿಯಾಂಜಿನ್’ ಸಾಹಿತ್ಯ ಪತ್ರಿಕೆಯನ್ನು ವರ್ಷಾಂತ್ಯಕ್ಕೆ ನಿಲ್ಲಿಸುವುದಾಗಿ ಅದರ ಒಡೆತನ ಹೊಂದಿದ್ದ ಮೆಲ್ಬರ್ನ್ ಯೂನಿವರ್ಸಿಟಿ ಪಬ್ಲಿಷಿಂಗ್ ಪ್ರಕಟಿಸಿತು. ಕಾರಣ ಹಣಕಾಸಿನದು ಮಾತ್ರ ಎಂದು ಅದು ಹೇಳಿತು. ಅದೇ ತಿಂಗಳು, ಧ್ವನಿಮುದ್ರಣ ಉದ್ಯಮದ ಸಂಘಟನೆಯಾದ ‘ಆರಿಯಾ’ ತನ್ನ ವಾರದ ಜನಪ್ರಿಯ ಹಾಡುಗಳ ಪಟ್ಟಿಯ ನಿಯಮವನ್ನೇ ಬದಲಿಸಿತು. ಎರಡು ವರ್ಷ ಮೀರಿದ ಹಾಡುಗಳು ಇನ್ನು ಮುಖ್ಯ ಪಟ್ಟಿಯಲ್ಲಿ ಇರುವುದಿಲ್ಲ. ಅವಕ್ಕೆ ಬೇರೆಯೇ ಪಟ್ಟಿ. ಹಳೆಯ ಹಾಗೂ ವಿದೇಶಿ ಹಾಡುಗಳು ಪಟ್ಟಿಯಲ್ಲಿ ಬೇರೂರಿ ಕುಳಿತದ್ದರಿಂದ ಹೊಸ ಸ್ಥಳೀಯ ಕಲಾವಿದರು ಕಣ್ಣಿಗೇ ಬೀಳುತ್ತಿಲ್ಲ ಎಂಬ ದೂರು ಬಹುಕಾಲದಿಂದ ಇತ್ತು.

ಇವೆರಡನ್ನೂ ಓದಿದವರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ಏಕೆಂದರೆ ಉಳಿದ ಸುದ್ದಿಗಳು ಇದಕ್ಕೆ ತದ್ವಿರುದ್ಧವಾಗಿವೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಸಾಂಸ್ಕೃತಿಕ ನೀತಿಯೊಂದನ್ನು ಜಾರಿಗೆ ತಂದು 28.6 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆಗೆದಿರಿಸಿತು. ಅದರಡಿ ಸಂಗೀತಕ್ಕಾಗಿ ‘ಮ್ಯೂಸಿಕ್ ಆಸ್ಟ್ರೇಲಿಯಾ’ ಬಂದಿತು. 2025ರ ಜುಲೈನಲ್ಲಿ ಸಾಹಿತ್ಯಕ್ಕಾಗಿ ‘ರೈಟಿಂಗ್ ಆಸ್ಟ್ರೇಲಿಯಾ’ ಕೆಲಸ ಆರಂಭಿಸಿತು. ಗಿಟಾರ್ ಹಿಡಿದು ಒಳನಾಡಿನ, ದಾರಿಯ ಬದುಕನ್ನು ಹಾಡುವ ಕಂಟ್ರಿ ಸಂಗೀತಕ್ಕಂತೂ ಇದು ಸುಗ್ಗಿಯ ಕಾಲ. ಅಮೆರಿಕದ ಕಂಟ್ರಿ ಗಾಯಕರು ಬಂದರೆ ಸಿಡ್ನಿ, ಬ್ರಿಸ್ಬೇನ್‌ಗಳ ಕ್ರೀಡಾಂಗಣಗಳು ತುಂಬುತ್ತವೆ. ಹಣವೂ ಇದೆ, ಜನರೂ ಇದ್ದಾರೆ. ಹಾಗಿದ್ದ ಮೇಲೆ ಹಾಡು ಮತ್ತು ಪುಸ್ತಕಗಳ ಬಗ್ಗೆ ಕುಳಿತು ಯೋಚಿಸುವ ಪುಟಗಳು ಮಾತ್ರ ಏಕೆ ಸೊರಗುತ್ತಿವೆ? ಅದರಲ್ಲೂ, ಶನಿವಾರದ ದಿನಪತ್ರಿಕೆಯೊಡನೆ ಮನೆಗೆ ಬರುವ ಕಲಾ ಪುರವಣಿಗೆ ಏನಾಗುತ್ತಿದೆ?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಸ್ಟ್ರೇಲಿಯಾದಲ್ಲಿ ಕಂಟ್ರಿ ಹಾಡನ್ನೂ ಸಾಹಿತ್ಯವನ್ನೂ ಬೇರೆಬೇರೆ ಲೋಕಗಳೆಂದು ಕಾಣುವ ರೂಢಿ ತೀರ ಈಚಿನದು. ಅವೆರಡೂ ಬೆಳೆದದ್ದು ಪತ್ರಿಕೆಯ ಪುಟದ ಮೇಲೆ, ಒಟ್ಟಿಗೆ.

ಲಾವಣಿಯೂ ಕತೆಯೂ ಒಂದೇ ಹಾಳೆಯಲ್ಲಿ

1880ರಲ್ಲಿ ಸಿಡ್ನಿಯಲ್ಲಿ ಆರಂಭವಾದ ‘ದಿ ಬುಲೆಟಿನ್’ ವಾರಪತ್ರಿಕೆ ಕುರಿ ಕತ್ತರಿಸುವವರು, ದನ ಅಟ್ಟುವವರು, ಚಿನ್ನದ ಗಣಿಯವರು ಬರೆದು ಕಳಿಸಿದ್ದನ್ನೂ ಅಚ್ಚು ಹಾಕುತ್ತಿತ್ತು. ಆಸ್ಟ್ರೇಲಿಯಾದವರು ‘ಬುಷ್’ ಎಂದು ಕರೆಯುವ ಒಳನಾಡಿನಲ್ಲಿ ಆ ಪತ್ರಿಕೆಗೆ ಅಪಾರ ಓದುಗರಿದ್ದರು. ಕವಿಗಳಾದ ಹೆನ್ರಿ ಲಾಸನ್ ಮತ್ತು ಬ್ಯಾಂಜೊ ಪ್ಯಾಟರ್ಸನ್ ಅಲ್ಲಿಂದಲೇ ಹೆಸರಾದರು. 1892ರಲ್ಲಿ ಇಬ್ಬರ ನಡುವೆ ನಡೆದ ವಾಗ್ವಾದ ಇಂದಿಗೂ ಪ್ರಸಿದ್ಧ: ಬುಷ್ ಎಂದರೆ ಬರ, ಒಂಟಿತನ, ಧೂಳು ಎಂದು ಲಾಸನ್; ಅದು ಸ್ವಾತಂತ್ರ್ಯ, ವಿಸ್ತಾರ, ಗೆಳೆತನ ಎಂದು ಪ್ಯಾಟರ್ಸನ್. ಪರಸ್ಪರ ಉತ್ತರ ಕೊಟ್ಟದ್ದು ಲಾವಣಿಗಳಲ್ಲಿ. ಮುಂದೆ ಇದೇ ಪತ್ರಿಕೆಯ ‘ರೆಡ್ ಪೇಜ್’ ಎಂಬ ಪುಟದಲ್ಲಿ ಎ. ಜಿ. ಸ್ಟೀಫನ್ಸ್ ನಿಷ್ಠುರ ವಿಮರ್ಶೆಯ ಪರಂಪರೆಯೊಂದನ್ನು ಕಟ್ಟಿದರು. ಲಾವಣಿ, ಸಣ್ಣಕತೆ, ವಿಮರ್ಶೆ ಮೂರೂ ಒಂದೇ ಓದುಗನ ಕೈಗೆ ಒಂದೇ ಕಟ್ಟಿನಲ್ಲಿ ತಲುಪುತ್ತಿದ್ದವು.

ಆ ಪತ್ರಿಕೆಯ ಕಳಂಕವನ್ನೂ ಇಲ್ಲಿ ಹೇಳಬೇಕು. ದಶಕಗಳ ಕಾಲ ಅದರ ಶೀರ್ಷಿಕೆಯ ಕೆಳಗೆ ‘ಆಸ್ಟ್ರೇಲಿಯಾ ಬಿಳಿಯರಿಗೆ’ ಎಂಬ ಅರ್ಥದ ಘೋಷವಾಕ್ಯವಿತ್ತು. ಅದು ತೊಲಗಿದ್ದು 1960ರ ದಶಕದ ಹೊಸ್ತಿಲಲ್ಲಿ. ಎಲ್ಲರಿಗೂ ತೆರೆದಿದ್ದಂತೆ ಕಂಡ ಆ ಪುಟ, ನೆಲದ ಮೂಲನಿವಾಸಿಗಳಿಗೆ ಮುಚ್ಚಿತ್ತು. ಈ ಸಂಗತಿ ಮುಂದಿನ ಕತೆಯಲ್ಲಿ ಮತ್ತೆ ಎದುರಾಗುತ್ತದೆ.

ಪತ್ರಿಕೆಯ ಪುಟದಿಂದ ಹಾಡು ಹುಟ್ಟುವುದು ಇಪ್ಪತ್ತನೆಯ ಶತಮಾನದಲ್ಲೂ ನಿಲ್ಲಲಿಲ್ಲ. ಉತ್ತರ ಕ್ವೀನ್ಸ್‌ಲ್ಯಾಂಡಿನ ಇಂಗಮ್ ಊರಿನ ಡ್ಯಾನ್ ಶೀಹನ್, ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಬಿಯರ್ ಖಾಲಿಯಾದ ಮದ್ಯದಂಗಡಿಯೊಂದರ ಬಗ್ಗೆ ಪದ್ಯ ಬರೆದರು. ಅದು 1944ರಲ್ಲಿ ‘ನಾರ್ತ್ ಕ್ವೀನ್ಸ್‌ಲ್ಯಾಂಡ್ ರಿಜಿಸ್ಟರ್’ ಎಂಬ ಪ್ರಾದೇಶಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಎಳೆ ಹಿಡಿದು ಗಾರ್ಡನ್ ಪಾರ್ಸನ್ಸ್ ಹಾಡು ಕಟ್ಟಿದರು. 1957ರಲ್ಲಿ ಕಂಟ್ರಿ ಗಾಯಕ ಸ್ಲಿಮ್ ಡಸ್ಟಿ ಅದನ್ನು ಹಾಡಿದಾಗ ಆಸ್ಟ್ರೇಲಿಯಾ ಮಾತ್ರವಲ್ಲ, ಬ್ರಿಟನ್ನಿನ ಜನಪ್ರಿಯ ಪಟ್ಟಿಯಲ್ಲೂ ಅದು ಮೇಲಕ್ಕೇರಿತು. ಸ್ಲಿಮ್ ಡಸ್ಟಿ ಲಾಸನ್ ಮತ್ತು ಪ್ಯಾಟರ್ಸನ್ ಅವರ ಪದ್ಯಗಳನ್ನೂ ರಾಗಕ್ಕೆ ಹಾಕಿ ಹಾಡಿದರು. ಅಚ್ಚಾದ ಕವಿತೆ ಗಾಯಕನ ಕಂಠದಿಂದ ಮನೆಮನೆ ತಲುಪಿ, ಕವಿ ಯಾರೆಂದು ತಿಳಿಯದವರ ನಾಲಿಗೆಯ ಮೇಲೂ ನಿಲ್ಲುವ ಈ ಬಗೆ, ಭಾವಗೀತೆಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ವಿವರಿಸಬೇಕಾದುದಲ್ಲ.

1973ರಲ್ಲಿ ದಾರಿ ಕವಲೊಡೆದದ್ದು

ಹಾಗಾದರೆ ಹಾಡು ಮತ್ತು ಸಾಹಿತ್ಯ ದೂರವಾದದ್ದು ಯಾವಾಗ? ನಿಖರ ದಿನ ಹೇಳಲಾಗದು. ಆದರೆ ಒಂದು ವರ್ಷ ಈ ಬೇರ್ಪಡೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ.

1973ರ ಜನವರಿಯಲ್ಲಿ, ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್ ದೂರದ ಟ್ಯಾಮ್‌ವರ್ತ್ ಎಂಬ ಕೃಷಿ ಪಟ್ಟಣದಲ್ಲಿ ‘ಗೋಲ್ಡನ್ ಗಿಟಾರ್’ ಪ್ರಶಸ್ತಿಗಳನ್ನು ಮೊದಲ ಸಲ ಕೊಡಲಾಯಿತು. ಇದರ ಹಿಂದೆ ಇದ್ದದ್ದು ‘2ಟಿಎಮ್’ ಎಂಬ ಸ್ಥಳೀಯ ರೇಡಿಯೊ ನಿಲಯ. 1965ರಿಂದ ಅದು ಪ್ರಸಾರ ಮಾಡುತ್ತಿದ್ದ ಕಂಟ್ರಿ ಸಂಗೀತ ಕಾರ್ಯಕ್ರಮ, ರಾತ್ರಿ ಹೊತ್ತು ರೇಡಿಯೊ ಅಲೆಗಳು ದೂರ ಸಾಗುವುದರಿಂದ, ಪೂರ್ವ ಆಸ್ಟ್ರೇಲಿಯಾದ ಉದ್ದಗಲಕ್ಕೂ ಲಾರಿ ಚಾಲಕರಿಗೆ, ಕುರಿಗಾಹಿಗಳಿಗೆ ಕೇಳಿಸುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾದಂಬರಿಕಾರ ಪ್ಯಾಟ್ರಿಕ್ ವೈಟ್ ಅವರಿಗೆ ಸಾಹಿತ್ಯದ ನೊಬೆಲ್ ಘೋಷಣೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ಸಿಡ್ನಿಯ ಒಪೆರಾ ಹೌಸ್ ಉದ್ಘಾಟನೆಗೊಂಡಿತು.

ಮಹಾನಗರದ ಪತ್ರಿಕೆಗಳ ಕಲಾ ಪುಟಗಳು ಇವುಗಳಲ್ಲಿ ಯಾವುದರ ಕಡೆ ವಾಲಿದವು ಎಂಬುದರಲ್ಲಿ ಸಂಶಯವಿಲ್ಲ. ನೊಬೆಲ್ ಮತ್ತು ಒಪೆರಾ ಹೌಸ್ ಒಂದು ದೇಶಕ್ಕೆ ಸಾಂಸ್ಕೃತಿಕ ಆತ್ಮವಿಶ್ವಾಸ ಕೊಟ್ಟವು. ಆ ಸಂಭ್ರಮ ಸಹಜವೇ. 1950ರಲ್ಲಿ ಇದೇ ‘ಮಿಯಾಂಜಿನ್’ನಲ್ಲಿ ಎ. ಎ. ಫಿಲಿಪ್ಸ್ ಬರೆದ ಪ್ರಬಂಧವೊಂದು, ಲಂಡನ್ನಿನ ಕಣ್ಣಿನಿಂದಲೇ ತಮ್ಮನ್ನು ಅಳೆದುಕೊಳ್ಳುವ ಆಸ್ಟ್ರೇಲಿಯನ್ನರ ಕೀಳರಿಮೆಯನ್ನು ಕುರಿತು ಎಚ್ಚರಿಸಿತ್ತು. ಇಪ್ಪತ್ತಮೂರು ವರ್ಷಗಳ ಬಳಿಕ ಲಂಡನ್ನಿನ ಎದುರು ತಲೆಯೆತ್ತಿ ನಿಲ್ಲಲು ಸಾಧ್ಯವಾಯಿತು. ಆದರೆ ಅದೇ ಕೀಳರಿಮೆ ದೇಶದೊಳಗೇ ಇನ್ನೊಂದು ರೂಪ ತಳೆಯಿತು: ನಗರವು ಒಳನಾಡನ್ನು ನೋಡುವ ನೋಟದಲ್ಲಿ. ಕಾದಂಬರಿ, ಒಪೆರಾ, ಚಿತ್ರಕಲೆ ವಿಮರ್ಶೆಗೆ ಯೋಗ್ಯ. ಕಂಟ್ರಿ ಹಾಡು ಮನರಂಜನೆ, ಅದಕ್ಕೆ ಜನವರಿಯಲ್ಲಿ ಒಂದು ಬಣ್ಣದ ಫೋಟೊ ಸಾಕು ಎಂಬ ವಿಂಗಡಣೆ ಗಟ್ಟಿಯಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಸ್ಲಿಮ್ ಡಸ್ಟಿ ಪ್ಯಾಟರ್ಸನ್ನರ ‘ವಾಲ್ಟ್ಸಿಂಗ್ ಮಟಿಲ್ಡಾ’ ಹಾಡಿದಾಗ ಇಡೀ ಕ್ರೀಡಾಂಗಣ ದನಿಗೂಡಿಸಿತು. 2003ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ನೂರಕ್ಕೂ ಹೆಚ್ಚು ಆಲ್ಬಮ್ ಮಾಡಿದ ಆ ಮನುಷ್ಯನಿಗೆ ದೇಶ ಕೊಟ್ಟ ಪ್ರೀತಿಗೆ ಹೋಲಿಸಿದರೆ ಗಂಭೀರ ವಿಮರ್ಶೆ ಕೊಟ್ಟ ಗಮನ ತೀರ ಕಡಿಮೆ.

ಈ ಉಪೇಕ್ಷೆಯ ಹೆಚ್ಚಿನ ಪೆಟ್ಟು ಬಿದ್ದದ್ದು ಮೂಲನಿವಾಸಿ ಗಾಯಕರ ಮೇಲೆ. ಕ್ರೈಸ್ತ ಮಿಷನ್‌ಗಳಲ್ಲಿ, ಮೀಸಲು ನೆಲೆಗಳಲ್ಲಿ ಬಲವಂತವಾಗಿ ಇರಿಸಲ್ಪಟ್ಟ ಸಮುದಾಯಗಳಿಗೆ ಗಿಟಾರ್, ರೇಡಿಯೊ ಮತ್ತು ಊರೂರು ಸುತ್ತುವ ಪ್ರದರ್ಶನ ತಂಡಗಳ ಮೂಲಕ ಕಂಟ್ರಿ ಸಂಗೀತ ತಲುಪಿತು. ಮನೆ ಕಳೆದುಕೊಂಡವನ, ದಾರಿಯಲ್ಲಿರುವವನ, ಸೆರೆಯಲ್ಲಿರುವವನ ಹಾಡುಗಳು ಅಲ್ಲಿ ಸ್ವಂತದವಾದವು. ಯೊರ್ಟಾ ಯೊರ್ಟಾ ಸಮುದಾಯದ ಜಿಮ್ಮಿ ಲಿಟ್ಲ್ 1963ರಲ್ಲೇ ದೇಶದಾದ್ಯಂತ ಜನಪ್ರಿಯರಾದರು. ರೋಜರ್ ನಾಕ್ಸ್, ಟ್ರಾಯ್ ಕಸಾರ್-ಡೇಲಿ ಆ ಪರಂಪರೆಯ ಮುಂದಿನ ಹೆಸರುಗಳು. ಆದರೂ ಈ ಸಂಗೀತದ ಚರಿತ್ರೆಯನ್ನು ಒಂದೆಡೆ ಕಲೆಹಾಕಿದ ಕ್ಲಿಂಟನ್ ವಾಕರ್ ಅವರ ‘ಬರೀಡ್ ಕಂಟ್ರಿ’ ಪುಸ್ತಕ ಬರಲು 2000ದವರೆಗೆ ಕಾಯಬೇಕಾಯಿತು. ಅಷ್ಟು ದಶಕ ಆ ಹಾಡುಗಳನ್ನು ಯಾರೂ ನಿಯಮಿತವಾಗಿ ಕೇಳಿ, ಬರೆದು, ಅಚ್ಚು ಹಾಕಿರಲಿಲ್ಲ. ಪತ್ರಿಕೆಗಳು ವಿಮರ್ಶಿಸದೆ ಬಿಟ್ಟದ್ದನ್ನು ಮುಂದಿನ ತಲೆಮಾರು ಕಷ್ಟಪಟ್ಟು ಅಗೆದು ತೆಗೆಯಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಇತ್ತೀಚಿನ ಎರಡು ಮೂರು ದಶಕಗಳಲ್ಲಿ ಪರಿಸ್ಥಿತಿ ಸುಧಾರಿಸತೊಡಗಿತ್ತು. ಕೇಸಿ ಚೇಂಬರ್ಸ್ ಅವರ ಹಾಡುಗಳು 2000ದ ಆಸುಪಾಸಿನಲ್ಲಿ ನಗರದ ಕೇಳುಗರನ್ನೂ ಗೆದ್ದವು. ಪಾಲ್ ಕೆಲಿ, ಕೆವ್ ಕಾರ್ಮೊಡಿ ಅವರಂಥವರ ಹಾಡುಗಳನ್ನು ಸಾಹಿತ್ಯದ ಓದುಗರು ಕವಿತೆಯಂತೆ ಓದಿದರು. ಹಳ್ಳಿಗಳ ಸಣ್ಣ ಸಭಾಭವನಗಳಲ್ಲೇ ಪ್ರವಾಸ ಮಾಡಿ ಹಾಡುವ ಫ್ಯಾನಿ ಲಮ್ಸ್‌ಡೆನ್ 2020 ಮತ್ತು 2023ರಲ್ಲಿ ಆರಿಯಾ ಪ್ರಶಸ್ತಿ ಪಡೆದರು. ಶನಿವಾರದ ಪುರವಣಿಗಳಲ್ಲಿ ಕಾದಂಬರಿಯ ವಿಮರ್ಶೆಯ ಪಕ್ಕದಲ್ಲೇ ಕಂಟ್ರಿ ಆಲ್ಬಮ್‌ನ ವಿಮರ್ಶೆ ಕಾಣಿಸುವುದು ಅಪರೂಪವಾಗಿ ಉಳಿಯಲಿಲ್ಲ. ಬಾಗಿಲು ತೆರೆಯುತ್ತಿದ್ದ ಆ ಹೊತ್ತಿಗೇ ಪುರವಣಿಯ ಆರ್ಥಿಕ ಅಡಿಪಾಯ ಕುಸಿಯಿತು ಎಂಬುದೇ ನೋವಿನ ಸಂಗತಿ.

ಶನಿವಾರದ ಪತ್ರಿಕೆಗೆ ಹಣ ಎಲ್ಲಿಂದ ಬರುತ್ತಿತ್ತು

ಪುರವಣಿ ಸೊರಗಿದ್ದಕ್ಕೆ ‘ಜನ ಓದುವುದನ್ನು ಬಿಟ್ಟರು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಅದು ಪೂರ್ಣ ಉತ್ತರವಲ್ಲ. ಕಲಾ ಪುಟಗಳ ಖರ್ಚನ್ನು ಕಲಾ ಪುಟಗಳ ಓದುಗರು ಎಂದೂ ಪೂರ್ತಿ ಭರಿಸಿರಲಿಲ್ಲ.

1831ರಲ್ಲಿ ಆರಂಭವಾದ ‘ಸಿಡ್ನಿ ಮಾರ್ನಿಂಗ್ ಹೆರಾಲ್ಡ್’ ಮತ್ತು 1854ರಲ್ಲಿ ಆರಂಭವಾದ ಮೆಲ್ಬರ್ನ್‌ನ ‘ದಿ ಏಜ್’ ದಶಕಗಳ ಕಾಲ ಫೇರ್‌ಫ್ಯಾಕ್ಸ್ ಸಂಸ್ಥೆಯವಾಗಿದ್ದವು. ಮನೆ ಮಾರಾಟ, ಕೆಲಸ ಖಾಲಿ, ಹಳೆ ಕಾರು ಇವುಗಳ ವರ್ಗೀಕೃತ ಜಾಹೀರಾತುಗಳು ಶನಿವಾರದ ಸಂಚಿಕೆಯನ್ನು ದಪ್ಪ ಕಟ್ಟಾಗಿಸುತ್ತಿದ್ದವು. ಆ ಆದಾಯವನ್ನು ಉದ್ಯಮದವರು ‘ಚಿನ್ನದ ನದಿಗಳು’ ಎಂದೇ ಕರೆಯುತ್ತಿದ್ದರು. ಮನೆ ಹುಡುಕುವವನೂ ಕೆಲಸ ಹುಡುಕುವವನೂ ಕೊಟ್ಟ ಹಣದಲ್ಲಿ ಕವನ ಸಂಕಲನದ ವಿಮರ್ಶೆ, ನಾಟಕದ ವಿಮರ್ಶೆ, ಹೊಸ ಆಲ್ಬಮ್‌ನ ವಿಮರ್ಶೆ ಅಚ್ಚಾಗುತ್ತಿದ್ದವು. ಸಂಪಾದಕನಿಗೆ ಆ ಪುಟ ಲಾಭ ತರಬೇಕೆಂಬ ಒತ್ತಡವಿರಲಿಲ್ಲ. ಪತ್ರಿಕೆಗೆ ಘನತೆ ತಂದರೆ ಸಾಕಿತ್ತು.

1990ರ ದಶಕದ ಕೊನೆಯಲ್ಲಿ ಈ ಮೂರೂ ಬಗೆಯ ಜಾಹೀರಾತುಗಳು ಅಂತರ್ಜಾಲಕ್ಕೆ ಹೊರಟವು. ಕೆಲಸಕ್ಕೆ ‘ಸೀಕ್’, ಮನೆಗೆ ‘ರಿಯಲ್‌ಎಸ್ಟೇಟ್’, ಕಾರಿಗೆ ‘ಕಾರ್‌ಸೇಲ್ಸ್’ ತಾಣಗಳು ಬಂದವು. ಜಾಹೀರಾತು ಪತ್ರಿಕೆಯನ್ನು ಬಿಟ್ಟಿತು, ಅದರ ಹಿಂದೆ ಹಣವೂ ಹೋಯಿತು. 2012ರ ಜೂನ್‌ನಲ್ಲಿ ಫೇರ್‌ಫ್ಯಾಕ್ಸ್ 1,900 ಹುದ್ದೆಗಳನ್ನು ಕಡಿತ ಮಾಡುವುದಾಗಿ ಪ್ರಕಟಿಸಿತು. ಕ್ರಮೇಣ ಎರಡು ನಗರಗಳ ಪತ್ರಿಕೆಗಳ ಪುಸ್ತಕ ಪುಟಗಳು ಬಹುಮಟ್ಟಿಗೆ ಒಂದೇ ಆದವು. 2018ರ ಕೊನೆಗೆ ಸಂಸ್ಥೆಯೇ ‘ನೈನ್’ ಎಂಬ ಟಿ.ವಿ. ಕಂಪನಿಯೊಳಗೆ ವಿಲೀನವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮನೆ ಜಾಹೀರಾತಿನ ಹಣ ಪತ್ರಿಕಾ ಕಂಪನಿಗಳ ಕೈಯಿಂದ ಪೂರ್ತಿ ಜಾರಿರಲಿಲ್ಲ. ‘ರಿಯಲ್‌ಎಸ್ಟೇಟ್’ ತಾಣದ ಒಡೆತನದ ಬಹುಪಾಲು ಇನ್ನೊಂದು ದೊಡ್ಡ ಪತ್ರಿಕಾ ಸಂಸ್ಥೆಯಾದ ನ್ಯೂಸ್ ಕಾರ್ಪ್‌ನದು. ಅದರ ಪ್ರತಿಸ್ಪರ್ಧಿ ‘ಡೊಮೇನ್’ನ ಬಹುಪಾಲು ನೈನ್‌ನದಾಗಿತ್ತು. 2025ರಲ್ಲಿ ಡೊಮೇನ್ ಅಮೆರಿಕದ ಕಂಪನಿಯೊಂದಕ್ಕೆ ಮಾರಾಟವಾಯಿತು. ಆದರೆ ಅಚ್ಚಿನ ಕಾಲದಲ್ಲಿ ಜಾಹೀರಾತೂ ವಿಮರ್ಶೆಯೂ ಒಂದೇ ಕಟ್ಟಿನಲ್ಲಿ ಮಾರಾಟವಾಗುತ್ತಿದ್ದವು. ಈಗ ಅವು ಬೇರೆ ಬೇರೆ ಲೆಕ್ಕಪುಸ್ತಕಗಳ ವ್ಯವಹಾರಗಳು. ತನ್ನ ಪುಟ ತಾನೇ ಸಂಪಾದಿಸಬೇಕೆಂಬ ನಿಯಮ ಬಂದ ದಿನವೇ ವಿಮರ್ಶೆ ಸೋಲುವುದು ಖಚಿತವಾಯಿತು. ಕಲಾ ಪುಟಗಳಿಗೇ ಬರುತ್ತಿದ್ದ ಅಲ್ಪ ಜಾಹೀರಾತೂ ಕ್ಷೀಣಿಸಿತು: 2011ರಲ್ಲಿ ಬಾರ್ಡರ್ಸ್ ಹಾಗೂ ಆಂಗಸ್ ಅಂಡ್ ರಾಬರ್ಟ್‌ಸನ್ ಪುಸ್ತಕ ಮಳಿಗೆಗಳ ಮಾತೃಸಂಸ್ಥೆ ದಿವಾಳಿಯಾಯಿತು, ಸಂಗೀತ ಕಂಪನಿಗಳು ಸಾಮಾಜಿಕ ಜಾಲತಾಣಗಳತ್ತ ತಿರುಗಿದವು.

2021ರಲ್ಲಿ ಸರ್ಕಾರ ಹೊಸ ಕಾನೂನೊಂದನ್ನು ತಂದಾಗ ಸ್ವಲ್ಪ ಉಸಿರು ಬಂದಿತ್ತು. ಸುದ್ದಿ ಬಳಸಿಕೊಂಡದ್ದಕ್ಕೆ ಗೂಗಲ್ ಮತ್ತು ಫೇಸ್‌ಬುಕ್ ಪತ್ರಿಕಾ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ಹಣ ಕೊಟ್ಟವು. 2024ರ ಮಾರ್ಚ್‌ನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಆ ಒಪ್ಪಂದಗಳನ್ನು ನವೀಕರಿಸುವುದಿಲ್ಲ ಎಂದಿತು. ನಾಲ್ಕು ತಿಂಗಳೊಳಗೆ ನೈನ್ 200ರಷ್ಟು ಹುದ್ದೆಗಳ ಕಡಿತ ಪ್ರಕಟಿಸಿತು. ಪ್ಯಾರಿಸ್ ಒಲಿಂಪಿಕ್ಸ್ ಆರಂಭದ ದಿನಗಳಲ್ಲಿ ಅದರ ಪತ್ರಕರ್ತರು ಮುಷ್ಕರ ಹೂಡಿದರು. ಕಲಾ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಕಾಯಂ ನೌಕರರಲ್ಲ, ಲೇಖನಕ್ಕಿಷ್ಟು ಎಂದು ಸಂಭಾವನೆ ಪಡೆಯುವವರು. ಅಂಥವರನ್ನು ಕಡಿಮೆ ಮಾಡಲು ಪ್ರಕಟಣೆ ಬೇಕಿಲ್ಲ, ಪರಿಹಾರ ಬೇಕಿಲ್ಲ. ಮುಂದಿನ ವಾರ ಫೋನ್ ಬರುವುದಿಲ್ಲ, ಅಷ್ಟೆ.

ಪುಸ್ತಕದ ಪಯಣದಲ್ಲಿ ವಿಮರ್ಶೆಯ ಸ್ಥಾನ

2024ರಲ್ಲಿ ಅಲೆಕ್ಸಿಸ್ ರೈಟ್ ಅವರ ‘ಪ್ರೈಸ್‌ವರ್ದಿ’ ಕಾದಂಬರಿಗೆ ಮೈಲ್ಸ್ ಫ್ರ್ಯಾಂಕ್ಲಿನ್ ಮತ್ತು ಸ್ಟೆಲ್ಲಾ, ದೇಶದ ಎರಡೂ ಪ್ರಮುಖ ಪ್ರಶಸ್ತಿಗಳು ಬಂದವು. ರೈಟ್ ವಾನ್ಯಿ ಸಮುದಾಯದವರು. ಕಾದಂಬರಿ 700 ಪುಟ ಮೀರಿದ್ದು. ಪ್ರಕಟಿಸಿದ್ದು ಗಿರಮೊಂಡೊ ಎಂಬ ಚಿಕ್ಕ ಪ್ರಕಾಶನ. 2025ರ ಮೈಲ್ಸ್ ಫ್ರ್ಯಾಂಕ್ಲಿನ್ ಪಡೆದ ಸಿಯಾಂಗ್ ಲು ಅವರ ಕಾದಂಬರಿಯೂ ಯೂನಿವರ್ಸಿಟಿ ಆಫ್ ಕ್ವೀನ್ಸ್‌ಲ್ಯಾಂಡ್ ಪ್ರೆಸ್ಸಿನದು, ಬಹುರಾಷ್ಟ್ರೀಯ ಪ್ರಕಾಶನದ್ದಲ್ಲ. ದೊಡ್ಡ ಪ್ರಚಾರ ಬಜೆಟ್ ಇಲ್ಲದ ಇಂಥ ಪುಸ್ತಕಗಳನ್ನು ಓದುಗರ ಗಮನಕ್ಕೆ ತರುವ ಮುಖ್ಯ ದಾರಿ ವಿಮರ್ಶೆ. ಅದನ್ನು ನೋಡಿ ಪುಸ್ತಕದಂಗಡಿಯವರು ತರಿಸುತ್ತಾರೆ, ಗ್ರಂಥಾಲಯಗಳು ಕೊಳ್ಳುತ್ತವೆ, ಸಾಹಿತ್ಯೋತ್ಸವಗಳು ಲೇಖಕರನ್ನು ಕರೆಯುತ್ತವೆ. 700 ಪುಟದ ಕಠಿಣ ಕಾದಂಬರಿಯನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ಪರಿಚಯಿಸಲಾಗದು. ಅದನ್ನು ಪೂರ್ತಿ ಓದಿ, ಎಲ್ಲಿ ಗೆದ್ದಿದೆ, ಎಲ್ಲಿ ತಡವರಿಸಿದೆ ಎಂದು ಹೇಳಲು ಒಬ್ಬರಿಗೆ ವಾರಗಳ ಸಮಯ, ಪುಟದಲ್ಲಿ ಜಾಗ, ಕೈಗೆ ಸಂಭಾವನೆ ಬೇಕು.

ಜಾಗ ಕಡಿಮೆಯಾದಾಗ ಮೊದಲು ಬೀಳುವುದು ಕಾದಂಬರಿಯ ದೀರ್ಘ ವಿಮರ್ಶೆ, ಅದಕ್ಕೂ ಮೊದಲು ಕವಿತೆಯದು. ಅವುಗಳ ಬದಲಿಗೆ ಲೇಖಕರ ಸಂದರ್ಶನ, ‘ಈ ತಿಂಗಳು ಓದಬೇಕಾದ ಹತ್ತು ಪುಸ್ತಕಗಳು’ ಎಂಬ ಬಗೆಯ ಪಟ್ಟಿ ಬರುತ್ತವೆ. ಸಂದರ್ಶನ ಕೆಟ್ಟದ್ದಲ್ಲ. ಆದರೆ ಅದರ ವೇಳಾಪಟ್ಟಿ ಪ್ರಕಾಶಕರ ಪ್ರಚಾರ ವಿಭಾಗದ ಕೈಯಲ್ಲಿರುತ್ತದೆ, ಮತ್ತು ಈ ಪುಸ್ತಕ ಸೋತಿದೆ ಎಂದು ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ. ಜತೆಗೆ, ಹಿಂದೆ ಸಿಡ್ನಿಯ ಪತ್ರಿಕೆ ಹೊಗಳಿದ ಪುಸ್ತಕವನ್ನು ಮೆಲ್ಬರ್ನ್‌ನ ಪತ್ರಿಕೆ ತಿರಸ್ಕರಿಸಬಹುದಿತ್ತು. ಒಂದೇ ವಿಮರ್ಶೆ ಎರಡೂ ಕಡೆ ಅಚ್ಚಾದಾಗ ಲೇಖಕರಿಗೆ ಉಳಿಯುವುದು ಒಂದೇ ತೀರ್ಪು. ಅದು ಅನ್ಯಾಯದ್ದಾಗಿದ್ದರೆ ಮೇಲ್ಮನವಿಗೆ ಬೇರೆ ಜಾಗವಿಲ್ಲ.

ಹಾಡಿನ ದಾರಿ ಬೇರೆ, ಪೆಟ್ಟು ಅದೇ

ಕಂಟ್ರಿ ಸಂಗೀತದವರಲ್ಲಿ ಹಲವರು ಈ ಚರ್ಚೆ ತಮ್ಮದಲ್ಲ ಎನ್ನುತ್ತಾರೆ. ನಗರದ ವಿಮರ್ಶಕರು ಎಂದೂ ನಮ್ಮ ಜತೆ ಇರಲಿಲ್ಲ. ರೇಡಿಯೊ, ರಸ್ತೆ ಮತ್ತು ಟ್ಯಾಮ್‌ವರ್ತ್ ನಮ್ಮನ್ನು ಸಾಕಿದವು ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಟ್ಯಾಮ್‌ವರ್ತ್‌ನಲ್ಲಿ ಪ್ರತಿ ಜನವರಿ ನಡೆಯುವ ಕಂಟ್ರಿ ಸಂಗೀತ ಉತ್ಸವದಲ್ಲಿ ಬೀದಿಬದಿಯ ಗಾಯಕರಿಂದ ಹಿಡಿದು ಬುಷ್ ಕವಿಗಳ ಬೆಳಗಿನ ಗೋಷ್ಠಿಯವರೆಗೆ ಎಲ್ಲವೂ ನಡೆಯುತ್ತವೆ. ಬುಷ್ ಲಾವಣಿಗೆ ಪ್ರತ್ಯೇಕ ಗೋಲ್ಡನ್ ಗಿಟಾರ್ ಇದೆ. ನಗರದ ಪುರವಣಿ ಕಡೆಗಣಿಸಿದ ಕವಿತೆಯನ್ನು ಅಲ್ಲಿ ಉಪಾಹಾರದೊಡನೆ ನೂರಾರು ಜನ ಕೇಳುತ್ತಾರೆ.

ಆದರೆ ಆ ಸ್ವಾವಲಂಬನೆಗೂ ಒಂದು ಪತ್ರಿಕಾ ಆಸರೆ ಇತ್ತು, ಪ್ರಾದೇಶಿಕ ಪತ್ರಿಕೆಗಳದು. ಊರಿಗೆ ಬರುವ ಗಾಯಕನ ಬಗ್ಗೆ ಅವು ಮುಂಚೆ ಬರೆಯುತ್ತಿದ್ದವು, ಕಾರ್ಯಕ್ರಮ ಮುಗಿದ ಮೇಲೂ ಬರೆಯುತ್ತಿದ್ದವು. 2019ರಲ್ಲಿ ಫೇರ್‌ಫ್ಯಾಕ್ಸ್‌ನ ಹಳೆಯ ಪ್ರಾದೇಶಿಕ ಪತ್ರಿಕೆಗಳು ಕೈಬದಲಾದವು. 2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ನ್ಯೂಸ್ ಕಾರ್ಪ್ ನೂರಕ್ಕೂ ಹೆಚ್ಚು ಪ್ರಾದೇಶಿಕ ಮತ್ತು ಸ್ಥಳೀಯ ಪತ್ರಿಕೆಗಳ ಮುದ್ರಣ ನಿಲ್ಲಿಸುವುದಾಗಿ ಪ್ರಕಟಿಸಿತು. ಶೀಹನ್ನರ ಪದ್ಯ ಅಚ್ಚಾದಂಥ ಪುಟಗಳು ಹಲವೆಡೆ ಈಗ ಇಲ್ಲ.

ರೇಡಿಯೊ ಮತ್ತು ಪತ್ರಿಕೆಗಳು ಬಿಟ್ಟ ಜಾಗಕ್ಕೆ ಸ್ಟ್ರೀಮಿಂಗ್ ಬಂದಿದೆ. ವಾಣಿಜ್ಯ ರೇಡಿಯೊಗೆ ಸಂಗೀತದ ಪ್ರಕಾರವನ್ನು ಅನುಸರಿಸಿ ಶೇ 25ರವರೆಗೆ ಸ್ಥಳೀಯ ಹಾಡು ಹಾಕುವ ಕಟ್ಟಳೆ ಇದೆ. ಸ್ಟ್ರೀಮಿಂಗ್ ಕಂಪನಿಗಳಿಗೆ ಹಾಡಿನ ವಿಷಯದಲ್ಲಿ ಅಂಥ ಕಟ್ಟಳೆ ಇಲ್ಲ. ಭಾಷೆ ಒಂದೇ ಆದ್ದರಿಂದ ಅಮೆರಿಕದ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ಹಾಡು ಯಾವ ತಡೆಯೂ ಇಲ್ಲದೆ ಬರುತ್ತದೆ. ಯಾವ ಹಾಡನ್ನು ಕೋಟ್ಯಂತರ ಜನ ಕೇಳಿದ್ದಾರೋ ಅದನ್ನೇ ಇನ್ನಷ್ಟು ಜನರಿಗೆ ಕೇಳಿಸುವುದು ಅಲ್ಗಾರಿದಮ್‌ನ ಗುಣ. ಅಮೆರಿಕದ ಜನಸಂಖ್ಯೆ 30 ಕೋಟಿಗಿಂತ ಹೆಚ್ಚು, ಆಸ್ಟ್ರೇಲಿಯಾದ್ದು 3 ಕೋಟಿಯೊಳಗೆ. 2024ರಲ್ಲಿ ಅಮೆರಿಕದ ಶಬೂಜಿ ಅವರ ಕಂಟ್ರಿ ಹಾಡು ಆರಿಯಾ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಒಳ್ಳೆಯ ಹಾಡೇ. ಆದರೆ ಕಂಟ್ರಿ ಸಂಗೀತದ ಕೇಳುಗರು ಹೆಚ್ಚುತ್ತಿದ್ದಾರೆ ಎನ್ನುವುದೂ ಆಸ್ಟ್ರೇಲಿಯಾದ ಕಂಟ್ರಿ ಸಂಗೀತ ಬೆಳೆಯುತ್ತಿದೆ ಎನ್ನುವುದೂ ಒಂದೇ ಅಲ್ಲ ಎಂಬುದನ್ನು ಈ ಪಟ್ಟಿ ಕಾಣಿಸುತ್ತದೆ. ಎರಡನ್ನೂ ಬೇರ್ಪಡಿಸಿ, ‘ಇದನ್ನು ಕೇಳಿದ್ದೀರಿ, ಇದೋ ನಮ್ಮ ಬರಗಾಲದ ಬಗ್ಗೆ, ನಮ್ಮ ಹೆದ್ದಾರಿಯ ಬಗ್ಗೆ ಇನ್ನೊಂದು ಹಾಡಿದೆ’ ಎಂದು ತೋರಿಸುವ ಕೆಲಸ ವಿಮರ್ಶಕನದು. ಆರಿಯಾ ತನ್ನ ಪಟ್ಟಿಯ ನಿಯಮ ಬದಲಿಸಿ ಮಾಡಲು ಹೊರಟಿರುವುದು ಆ ಕೆಲಸದ ಒಂದು ಸಣ್ಣ ಭಾಗ ಮಾತ್ರ.

ವಾದಗಳು

ಪತ್ರಿಕೆಗಳ ಆಡಳಿತದ ಸಮರ್ಥನೆ ನೇರವಾಗಿದೆ. ಜಾಲತಾಣದಲ್ಲಿ ಯಾವ ಲೇಖನವನ್ನು ಎಷ್ಟು ಜನ ಓದಿದರು ಎಂಬುದು ಈಗ ಗೊತ್ತಾಗುತ್ತದೆ. ವಿಮರ್ಶೆಗಳಿಗೆ ಓದುಗರು ಕಡಿಮೆ. ಪತ್ರಿಕೆ ಉಳಿದರಷ್ಟೇ ಪುರವಣಿ. ಇದನ್ನು ತಳ್ಳಿಹಾಕಲಾಗದು. ಆದರೆ ವಿಮರ್ಶೆಯ ಪ್ರಭಾವ ಓದಿದವರ ಸಂಖ್ಯೆಯಲ್ಲಿ ಅಡಗಿಲ್ಲ. ಸಾವಿರ ಜನ ಓದಿದ ಒಂದು ವಿಮರ್ಶೆಯನ್ನು ಐವತ್ತು ಗ್ರಂಥಪಾಲಕರು, ಇಪ್ಪತ್ತು ಉತ್ಸವ ಸಂಘಟಕರು ಓದಿದ್ದರೆ, ಅದು ಪುಸ್ತಕದ ಹಣೆಬರಹವನ್ನೇ ಬದಲಿಸಬಲ್ಲದು. ಎಣಿಕೆಯ ಯಂತ್ರಕ್ಕೆ ಅದು ಕಾಣುವುದಿಲ್ಲ.

ಹೊಸ ಮಾಧ್ಯಮಗಳು ತುಂಬಿಕೊಡುತ್ತಿವೆ ಎಂಬುದು ಇನ್ನೊಂದು ಮಾತು. 2013ರಲ್ಲಿ ‘ಗಾರ್ಡಿಯನ್ ಆಸ್ಟ್ರೇಲಿಯಾ’, 2014ರಲ್ಲಿ ‘ದಿ ಸ್ಯಾಟರ್ಡೇ ಪೇಪರ್’ ಬಂದವು. ‘ದಿ ವೀಕೆಂಡ್ ಆಸ್ಟ್ರೇಲಿಯನ್’ನ ‘ರಿವ್ಯೂ’ ಪುರವಣಿ ಉಳಿದಿದೆ. ‘ಆಸ್ಟ್ರೇಲಿಯನ್ ಬುಕ್ ರಿವ್ಯೂ’ ನಡೆಯುತ್ತಿದೆ. ಇವೆಲ್ಲ ಬೆಲೆಯುಳ್ಳವು. ಆದರೆ ಸಾಹಿತ್ಯ ಪತ್ರಿಕೆಗೆ ಬರುವವನು ಸಾಹಿತ್ಯವನ್ನೇ ಹುಡುಕಿಕೊಂಡು ಬಂದವನು. ಕ್ರಿಕೆಟ್ ಸುದ್ದಿಗೆಂದು ಶನಿವಾರದ ಪತ್ರಿಕೆ ಕೊಂಡವನು ಅಕಸ್ಮಾತ್ ಒಂದು ಕಂಟ್ರಿ ಆಲ್ಬಮ್ ಬಗ್ಗೆ, ಒಂದು ಕವನ ಸಂಕಲನದ ಬಗ್ಗೆ ಓದಿಬಿಡುತ್ತಿದ್ದ. ಆ ಆಕಸ್ಮಿಕ ಓದುಗ ಕಳೆದುಹೋಗುತ್ತಿದ್ದಾನೆ.

ಸರ್ಕಾರದ ಅನುದಾನದ ಬಗ್ಗೆಯೂ ಒಂದು ಮಾತು. ಅದರ ದೊಡ್ಡ ಪಾಲು ಹೋಗುವುದು ಬರೆಯುವವರಿಗೆ, ಹಾಡುವವರಿಗೆ, ಉತ್ಸವಗಳಿಗೆ, ಪ್ರವಾಸಗಳಿಗೆ. ಹಾಗೆ ಸೃಷ್ಟಿಯಾದುದನ್ನು ತೂಗಿ ನೋಡುವವರ ಪಾಲು ತೀರ ಸಣ್ಣದು. ಇದರ ಫಲವಾಗಿಯೇ ಈಗಿನ ಒಗಟು ಹುಟ್ಟಿದೆ: ಹೆಚ್ಚು ಪುಸ್ತಕ, ಹೆಚ್ಚು ಹಾಡು, ಅವುಗಳ ಬಗ್ಗೆ ಕಡಿಮೆ ಮಾತು. ಸರ್ಕಾರದ ದುಡ್ಡಿನಲ್ಲಿ ವಿಮರ್ಶೆ ಬರೆದರೆ ಸ್ವಾತಂತ್ರ್ಯ ಉಳಿಯುತ್ತದೆಯೇ ಎಂಬ ಆತಂಕ ನ್ಯಾಯವಾದದ್ದು. ಆದರೆ ಖಾಸಗಿ ಒಡೆತನವಾಗಲಿ, ವಿಶ್ವವಿದ್ಯಾಲಯದ ಆಶ್ರಯವಾಗಲಿ ಶಾಶ್ವತವಲ್ಲ ಎಂಬುದನ್ನು ‘ಮಿಯಾಂಜಿನ್’ ಪ್ರಕರಣ ತೋರಿಸಿದೆ.

ಮುಂದೆ ಏನಾಗಬಹುದು

ತಕ್ಷಣದ ಪರಿಣಾಮ ಊಹಿಸಲು ಕಷ್ಟವಿಲ್ಲ. ಪ್ರಚಾರ ಬಲವುಳ್ಳ ಪ್ರಕಾಶಕರು ಮತ್ತು ಸಂಗೀತ ಕಂಪನಿಗಳು ಬಾಳುತ್ತವೆ. ಚಿಕ್ಕ ಪ್ರಕಾಶನಗಳ ಮೊದಲ ಕಾದಂಬರಿಗಳು, ವಲಸಿಗರ ಬರಹ, ಮೂಲನಿವಾಸಿಗಳ ಹಾಡು, ಒಳನಾಡಿನ ಗಾಯಕರು ಇನ್ನಷ್ಟು ಮರೆಗೆ ಸರಿಯುತ್ತಾರೆ. ಭಾರತದಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರ ಸಂಖ್ಯೆ 2021ರ ಜನಗಣತಿಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರ ನಂತರದ ಸ್ಥಾನದಲ್ಲಿತ್ತು. ಅವರ ಮಕ್ಕಳು ಬರೆಯುವ ಮೊದಲ ಪುಸ್ತಕಗಳೂ ಇದೇ ಕಿರಿದಾದ ಬಾಗಿಲಿನಿಂದ ಒಳಗೆ ಬರಬೇಕು.

ದೂರದ ಪರಿಣಾಮ ಇನ್ನೂ ಗಂಭೀರ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2009ರಿಂದ ‘ಟ್ರೋವ್’ ಎಂಬ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಒದಗಿಸುತ್ತಿದೆ. ಅಲ್ಲಿರುವ ಪತ್ರಿಕೆಗಳಲ್ಲಿ ಹೆಚ್ಚಿನವು 1954ರವರೆಗಿನವು. ಕಂಟ್ರಿ ಗಾಯಕ ಟೆಕ್ಸ್ ಮಾರ್ಟನ್ 1936ರಲ್ಲಿ ಸಿಡ್ನಿಯಲ್ಲಿ ಹಾಡು ಧ್ವನಿಮುದ್ರಿಸಿದ ಕಾಲದ ಪ್ರದರ್ಶನಗಳು, ಯುದ್ಧಕಾಲದ ಪದ್ಯಗಳು, ಕಾದಂಬರಿಗಳಿಗೆ ಅಂದು ಸಿಕ್ಕ ಬೈಗುಳ, ಹೊಗಳಿಕೆ ಎಲ್ಲವನ್ನೂ ಸಂಶೋಧಕರು ಅಲ್ಲಿ ಹುಡುಕುತ್ತಾರೆ. 2023ರಲ್ಲಿ ಈ ತಾಣವೇ ಹಣವಿಲ್ಲದೆ ಮುಚ್ಚುವ ಭೀತಿ ಎದುರಾದಾಗ ಜನ ದನಿಯೆತ್ತಿ, ಸರ್ಕಾರ ಅನುದಾನ ಕೊಟ್ಟು ಉಳಿಸಿತು. 2020ರ ದಶಕದ ಹಾಡು ಮತ್ತು ಸಾಹಿತ್ಯವನ್ನು ಅಂದಿನವರು ಹೇಗೆ ಸ್ವೀಕರಿಸಿದರು ಎಂದು 2080ರಲ್ಲಿ ಹುಡುಕುವವರಿಗೆ, ಬರೆದೇ ಇಲ್ಲದ ವಿಮರ್ಶೆ ಯಾವ ಗ್ರಂಥಾಲಯದಲ್ಲೂ ಸಿಗದು.

ಪರಿಹಾರದ ಸಾಧ್ಯತೆ ಎರಡು ಕಡೆ ಇದೆ. ಸುದ್ದಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳದ ದೊಡ್ಡ ತಂತ್ರಜ್ಞಾನ ಕಂಪನಿಗಳಿಗೆ ಶುಲ್ಕ ವಿಧಿಸುವ ಯೋಜನೆಯನ್ನು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದರಿಂದ ಪತ್ರಿಕೆಗಳಿಗೆ ಹಣ ಬಂದರೂ, ಕಲಾ ಪುಟಕ್ಕೆ ಇಷ್ಟು ಮೀಸಲಿಡಬೇಕೆಂಬ ಷರತ್ತು ಇಲ್ಲದಿದ್ದರೆ ಅದು ಪುರವಣಿಗೆ ತಲುಪುವುದು ಅನುಮಾನ. 2021ರ ಕಾನೂನಿನಲ್ಲೂ ಅಂಥ ಷರತ್ತು ಇರಲಿಲ್ಲ. ಎರಡನೆಯದು ಹೆಚ್ಚು ಆಶಾದಾಯಕ. ‘ಮ್ಯೂಸಿಕ್ ಆಸ್ಟ್ರೇಲಿಯಾ’ ಮತ್ತು ‘ರೈಟಿಂಗ್ ಆಸ್ಟ್ರೇಲಿಯಾ’ ಎರಡೂ ‘ಕ್ರಿಯೇಟಿವ್ ಆಸ್ಟ್ರೇಲಿಯಾ’ ಎಂಬ ಒಂದೇ ಸಂಸ್ಥೆಯ ಅಂಗಗಳು. ಟ್ಯಾಮ್‌ವರ್ತ್, ಟೌನ್ಸ್‌ವಿಲ್, ಆಲಿಸ್ ಸ್ಪ್ರಿಂಗ್ಸ್‌ನಂಥ ಊರುಗಳಲ್ಲಿ ನೆಲೆಸಿ ಹಾಡನ್ನೂ ಪುಸ್ತಕವನ್ನೂ ಒಟ್ಟಿಗೆ ವಿಮರ್ಶಿಸುವ ಬರಹಗಾರರಿಗೆ ಅವೆರಡೂ ಸೇರಿ ಎರಡು ಮೂರು ವರ್ಷಗಳ ವೇತನ ಕೊಡಬಹುದು. ಆಯ್ಕೆ ಸ್ವತಂತ್ರ ಸಮಿತಿಯದು, ಏನು ಬರೆಯಬೇಕೆಂಬ ನಿರ್ಧಾರ ಪತ್ರಿಕೆಯದು, ಬರಹ ಚಂದಾ ಇಲ್ಲದವರಿಗೂ ತೆರೆದಿರಬೇಕು ಎಂಬ ಮೂರು ಕರಾರು ಸಾಕು. ಒಂದು ದೊಡ್ಡ ಉತ್ಸವಕ್ಕೆ ಕೊಡುವ ಅನುದಾನದ ಚಿಕ್ಕ ಭಾಗದಲ್ಲಿ ಅಂಥ ಹಲವು ಹುದ್ದೆಗಳನ್ನು ನಡೆಸಬಹುದು, ಮತ್ತು ಇದಕ್ಕಾಗಿ ಹೊಸ ಕಾನೂನಿನ ಅಗತ್ಯವೂ ಇಲ್ಲ.